ತೋಟದ ಹೆಡ್‌ಲೈಟು ವಾಚಿನ ಮೇಜಿಗೆ ಆಗಲಿಲ್ಲ

ಶಿರಸಿಯಲ್ಲಿ ನನ್ನದೊಂದು ಸಣ್ಣ ವಾಚ್ ರಿಪೇರಿ ಅಂಗಡಿ. ಜೂನ್ ಬಂತು ಅಂದರೆ ಇಲ್ಲಿ ಬೆಳಗ್ಗೆ ಹನ್ನೊಂದಕ್ಕೂ ಕತ್ತಲೆ ಕತ್ತಲೆ. ಕರೆಂಟಿನ ಕಥೆ ಕೇಳಲೇಬೇಡಿ. ಅದರ ಮೇಲೆ ನಲವತ್ತೈದು ದಾಟಿದ ಕಣ್ಣು. ಟೇಬಲ್ ಲ್ಯಾಂಪಿನಲ್ಲಿ ಹೇಗೋ ನಡೆಯುತ್ತಿತ್ತು, ಆದರೆ ಚಿಮಟ ಹಿಡಿದ ಕೈ ಸ್ವಲ್ಪ ಅಡ್ಡ ಬಂದರೆ ಸ್ಕ್ರೂ ಇರುವ ಜಾಗಕ್ಕೇ ನೆರಳು. ತಲೆಗೆ ಕಟ್ಟುವ ಲೈಟಿದ್ದರೆ ನೋಡಿದ ಕಡೆಗೇ ಬೆಳಕು ಬೀಳುತ್ತದಲ್ಲ ಅಂತ ಅನ್ನಿಸಿತು.

ಮನೆಯಲ್ಲಿ ಒಂದು ಇತ್ತು. ತೋಟಕ್ಕೆ ಹಂದಿ ಬಂದಾಗ ಹಾಕಿಕೊಂಡು ಹೋಗುವುದು. ಡಬ್ಬದ ಮೇಲೆ ಸಾವಿರ ಲ್ಯೂಮೆನ್ (ಲೈಟು ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ) ಅಂತ ಬರೆದಿತ್ತು. ಅದನ್ನೇ ಅಂಗಡಿಗೆ ತಂದೆ. ಹಳೇ ಎಚ್‌ಎಂಟಿ ಜನತಾ ವಾಚೊಂದರ ಹಿಂದಿನ ಮುಚ್ಚಳ ತೆಗೆದು ಲೈಟ್ ಹಾಕಿದರೆ ಏನೂ ಕಾಣಿಸುತ್ತಿಲ್ಲ! ನಡುವೆ ಬೆಳ್ಳನೆ ಉರಿಯುವ ಒಂದು ವೃತ್ತ, ಸುತ್ತ ಕಪ್ಪು. ಒಳಗಿನ ಹೊಳೆಯುವ ಪ್ಲೇಟು ಬೆಳಕನ್ನೆಲ್ಲ ವಾಪಸ್ ಕಣ್ಣಿಗೇ ಹೊಡೆಯುತ್ತಿತ್ತು. ಆ ಲೈಟು ಮಾಡಿದ್ದು ಐವತ್ತು ಮೀಟರ್ ದೂರ ನೋಡಲು. ನನ್ನ ಕೆಲಸ ಇರುವುದು ಒಂದು ಅಡಿ ದೂರದಲ್ಲಿ. ದೂರ ಅರ್ಧ ಆದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಮೇಜಿನ ಕೆಲಸಕ್ಕೆ ಇಪ್ಪತ್ತು, ಮೂವತ್ತು ಲ್ಯೂಮೆನ್ ಧಾರಾಳ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ತೊಂದರೆಯೇ.

ಭಾರ ಬೇರೆ. ಅದರ ದಪ್ಪ ಸೆಲ್ ಹಣೆಯ ಮೇಲೇ ಕೂತಿತ್ತು. ತೋಟದಲ್ಲಿ ತಲೆ ಎತ್ತಿ ನಡೆಯುವಾಗ ಗೊತ್ತಾಗುವುದಿಲ್ಲ. ಬಗ್ಗಿ ಕೂತರೆ ಅರ್ಧ ಗಂಟೆಗೆ ಕತ್ತು ಹಿಡಿದುಕೊಳ್ಳುತ್ತದೆ.

ಹೊಸದು ಕೊಳ್ಳಲು ಹೋದಾಗ ಅಂಗಡಿಯವರು ಎಲ್ಲವನ್ನೂ ಗೋಡೆಗೆ ಬಿಟ್ಟು ತೋರಿಸಿದರು. ನಾನು ಒಂದೊಂದನ್ನೂ ಹಣೆಗೆ ಕಟ್ಟಿಕೊಂಡು ನನ್ನ ಅಂಗೈ ನೋಡಿದೆ. ನಡುವೆ ಚುಕ್ಕೆ ಇಲ್ಲದೆ, ಬೆಳಕು ಅಂಗೈ ತುಂಬ ಒಂದೇ ಸಮ ಹರಡಬೇಕು. ಆಮೇಲೆ ಅಲ್ಲೇ ಇದ್ದ ದೇವರ ಫೋಟೋದ ಕುಂಕುಮಕ್ಕೆ ಬಿಟ್ಟು ನೋಡಿದೆ. ಅಂಗಡಿಯವರು ನಕ್ಕರು. ಆದರೆ ಎರಡು ಲೈಟುಗಳಲ್ಲಿ ಕುಂಕುಮ ಕಂದು ಬಣ್ಣಕ್ಕೆ ತಿರುಗಿತ್ತು. ಒಂದರಲ್ಲಿ ಮಾತ್ರ ಕೆಂಪಾಗೇ ಇತ್ತು. ಇದೇ ಸಿಆರ್‌ಐ ವಿಷಯ, ಅಂದರೆ ಬೆಳಕು ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ. ನೂರಕ್ಕೆ ಹತ್ತಿರ ಇದ್ದಷ್ಟೂ ಬಣ್ಣ ಇದ್ದ ಹಾಗೆ ಕಾಣುತ್ತದೆ. ಸಾಮಾನ್ಯ ಟಾರ್ಚಿನದು 70ರ ಆಸುಪಾಸು ಇರುತ್ತದೆ. ನಾನು ತಂದದ್ದು 90ಕ್ಕೆ ಮೇಲಿನದು. ಬೆಳಕು 4000 ಕೆಲ್ವಿನ್, ಅಂದರೆ ನೀಲಿ ಛಾಯೆ ಇಲ್ಲದ ಬಿಳಿ. ಜನತಾದಲ್ಲಿ 17 ಜ್ಯುವೆಲ್, ಅಂದರೆ ಚಕ್ರದ ಅಚ್ಚು ಸವೆಯದಂತೆ ಕೂರಿಸಿದ ಸಣ್ಣ ಹರಳುಗಳು ಇರುತ್ತವೆ, ಎಲ್ಲ ಕೆಂಪು. ಸುತ್ತ ಹಳೇ ಎಣ್ಣೆ ಒಣಗಿ ಕಂದಾಗಿರುತ್ತದೆ. ನೀಲಿ ಬೆಳಕಿನಲ್ಲಿ ಜ್ಯುವೆಲ್ಲೂ ಎಣ್ಣೆಯೂ ಒಂದೇ ಥರ ಮಂಕಾಗಿ ಕಾಣುತ್ತವೆ. ತೊಳೆದದ್ದು ಸರಿಯಾಯ್ತೋ ಇಲ್ಲವೋ ತಿಳಿಯುವುದೇ ಇಲ್ಲ.

ಇನ್ನೊಂದು ಪರೀಕ್ಷೆ ಮೊಬೈಲಿನದು. ಲೈಟಿನ ಬೆಳಕು ಕಡಿಮೆ ಮಾಡಿ ಕ್ಯಾಮೆರಾದಲ್ಲಿ ನೋಡಿ. ಪರದೆ ಮೇಲೆ ಕಪ್ಪು ಪಟ್ಟಿ ಓಡಿದರೆ ಆ ಲೈಟು ಮಿನುಗುತ್ತಿದೆ ಅಂತ ಅರ್ಥ. ದಿನವಿಡೀ ಅದರಲ್ಲಿ ಕೂತರೆ ನನಗಂತೂ ತಲೆನೋವು ಬರುತ್ತದೆ.

ಆದರೂ ಒಂದು ಕಡೆ ಎಡವಿದೆ. ಕೈ ಆಡಿಸಿದರೆ ಆನ್, ಆಫ್ ಆಗುವ ಸೆನ್ಸರ್ ಇದೆ ಅಂತ ಖುಷಿಪಟ್ಟೆ. ಎರಡನೇ ದಿನ ಕ್ಲಿಕ್ ಸ್ಪ್ರಿಂಗನ್ನು (ಕೊಟ್ಟ ಕೀ ವಾಪಸ್ ಬಿಚ್ಚಿಕೊಳ್ಳದಂತೆ ತಡೆಯುವ ಭಾಗದ ಸಣ್ಣ ತಂತಿ) ಚಿಮಟದಲ್ಲಿ ಹಿಡಿದಿದ್ದೆ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ, ನಮ್ಮ ಭಾಷೆಯಲ್ಲಿ ಐ ಗ್ಲಾಸ್, ಜಾರಿತು, ಸರಿಮಾಡಲು ಇನ್ನೊಂದು ಕೈ ಎತ್ತಿದೆ. ಲೈಟ್ ಆಫ್! ಬೆಚ್ಚಿದೆ, ಟಣ್ ಅಂತ ಸ್ಪ್ರಿಂಗ್ ಎಲ್ಲೋ ಹಾರಿತು. ಅವತ್ತೇ ಸೆನ್ಸರ್ ಬಂದ್ ಮಾಡಿದೆ. ಹೊಳಪು ಇನ್ನೂ ಜಾಸ್ತಿ ಅನ್ನಿಸಿದ್ದಕ್ಕೆ ಗಾಜಿಗೆ ಮೆಡಿಕಲ್ ಅಂಗಡಿಯ ಬಿಳಿ ಪೇಪರ್ ಟೇಪ್ ಒಂದು ಪದರ ಅಂಟಿಸಿದ್ದೇನೆ. ಬೆಳಕು ಮೆತ್ತಗಾಯಿತು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಐ ಗ್ಲಾಸ್ ಹಾಕಿದಾಗ ಮಾತ್ರ ಯಾವ ಹೆಡ್‌ಲೈಟೂ ಪ್ರಯೋಜನ ಇಲ್ಲ. ವಾಚು ಗಾಜಿಗೆ ಒಂದೇ ಇಂಚು ದೂರ ಇರುತ್ತದೆ. ಹಣೆಯ ಬೆಳಕನ್ನು ಐ ಗ್ಲಾಸಿನ ಕವಚವೇ ತಡೆದುಬಿಡುತ್ತದೆ. ಆಗ ಪಕ್ಕದಿಂದ ಟೇಬಲ್ ಲ್ಯಾಂಪೇ ಬೇಕು. ನಾಲ್ಕು ಪಟ್ಟಿನದಕ್ಕಾದರೆ ಲೈಟನ್ನು ಸ್ವಲ್ಪ ಕೆಳಗೆ ಬಗ್ಗಿಸಿದರೆ ಆಗುತ್ತದೆ. ಮತ್ತೆ, ಗಿರಾಕಿ ಬಂದಾಗ ತಲೆ ಎತ್ತುವ ಮೊದಲು ಆಫ್ ಮಾಡಿ. ನನಗೆ ಹಿರಿಯರೊಬ್ಬರು, "ತಮಾ, ಲೈಟು ಕಣ್ಣಿಗೆ ಬಿಡಡ ಮಾರಾಯ" ಅಂತ ಹೇಳಿಯೇ ಅಭ್ಯಾಸ ಆದದ್ದು.

ಹಾರಿದ ಸ್ಪ್ರಿಂಗ್ ಸಿಕ್ಕಿತು. ಹುಡುಕಿಕೊಟ್ಟದ್ದು ಹಂದಿ ಓಡಿಸುವ ಲೈಟು. ಅಂಗಡಿಯ ದೀಪವೆಲ್ಲ ಆರಿಸಿ ಅದನ್ನು ನೆಲದ ಮೇಲೆ ಅಡ್ಡ ಇಟ್ಟೆ. ಪ್ರತಿ ಧೂಳಿನ ಕಣಕ್ಕೂ ಉದ್ದ ನೆರಳು ಬಿತ್ತು. ಕುರ್ಚಿ ಕಾಲಿನ ಹಿಂದೆ ಒಂದು ಎಳೆ ಫಳ್ ಅಂತ ಹೊಳೆಯಿತು. ಈಗ ಅದು ತೋಟಕ್ಕೆ ಹೋಗುವುದಿಲ್ಲ, ಅಂಗಡಿಯಲ್ಲೇ ಇರುತ್ತದೆ.