ಎಂಟನೇ ತರಗತಿಗೆ ಯಾವ ಶಾಲೆ? ಪೋಷಕರನ್ನೂ ಮಕ್ಕಳನ್ನೂ ಕೇಳಿ ತಿಳಿದ ನನ್ನ ಅನುಭವ

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಏಳನೇ ತರಗತಿಯ ಶಿಕ್ಷಕಿ. ನಮ್ಮ ಶಾಲೆ ಏಳನೇ ತರಗತಿಗೇ ಮುಗಿಯುವುದರಿಂದ ಪ್ರತಿಯೊಂದು ಮಗುವೂ ಎಂಟನೇ ತರಗತಿಗೆ ಬೇರೆ ಶಾಲೆಗೆ ಹೋಗಲೇಬೇಕು. ಹೋಬಳಿ ಕೇಂದ್ರದಲ್ಲಿ ಒಂದು ಸರ್ಕಾರಿ ಪ್ರೌಢಶಾಲೆ, ಅಲ್ಲಿಯೇ ಹಳೆಯದೊಂದು ಅನುದಾನಿತ ಪ್ರೌಢಶಾಲೆ, ತಾಲ್ಲೂಕು ಕೇಂದ್ರದಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆ, ಊರೊಳಗೇ ವ್ಯಾನು ಕಳಿಸುವ ಒಂದೆರಡು ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಗಳು, ಇಷ್ಟು ನಮ್ಮ ಮಕ್ಕಳ ಮುಂದಿರುವ ಆಯ್ಕೆಗಳು. ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಆದರ್ಶ ವಿದ್ಯಾಲಯಕ್ಕೂ ಪ್ರವೇಶ ಪರೀಕ್ಷೆ ನಡೆಯುವುದು ಆರನೇ ತರಗತಿಗೇ ಆದ್ದರಿಂದ, ಏಳನೆಯದನ್ನು ನಮ್ಮಲ್ಲಿ ಓದುತ್ತಿರುವ ಮಕ್ಕಳಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ.

ಫೆಬ್ರುವರಿ, ಮಾರ್ಚ್ ತಿಂಗಳು ಬಂತೆಂದರೆ ಪೋಷಕರು ಕೇಳುವ ಪ್ರಶ್ನೆ ಒಂದೇ: "ಯಾವ ಸ್ಕೂಲು ಚೆನ್ನಾಗೈತೆ, ನೀವೇ ಹೇಳಿ ಮೇಡಂ." ಈ ಪ್ರಶ್ನೆಗೆ ನನ್ನ ಊಹೆಯಿಂದ ಉತ್ತರ ಹೇಳುವುದು ಸರಿಯಲ್ಲವೆಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ನಾನು ಆ ಶಾಲೆಗಳಲ್ಲಿ ಓದಿದವಳಲ್ಲ, ಕಲಿಸಿದವಳೂ ಅಲ್ಲ. ಅಲ್ಲಿ ದಿನವೂ ಕುಳಿತು ಬರುವವರು ನಮ್ಮಲ್ಲಿಂದಲೇ ಹೋದ ಮಕ್ಕಳು. ಹಣವನ್ನೂ ಚಿಂತೆಯನ್ನೂ ಹೊರುವವರು ಅವರ ತಂದೆತಾಯಿಗಳು. ಹೀಗಾಗಿ ಅವರ ಅಭಿಪ್ರಾಯವನ್ನೇ ಕ್ರಮವಾಗಿ ಕೇಳಿ, ಬರೆದಿಟ್ಟುಕೊಂಡು, ಏಳನೇ ತರಗತಿಯ ಪೋಷಕರ ಮುಂದೆ ಇಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ.

ಪೋಷಕರನ್ನು ಕಾಣಲು ನನಗೆ ಸಿಕ್ಕ ಒಳ್ಳೆಯ ಜಾಗವೆಂದರೆ ಹಾಲಿನ ಡೈರಿ. ಬೆಳಿಗ್ಗೆ, ಸಂಜೆ ಹಾಲು ಹಾಕಲು ಬರುವವರಲ್ಲಿ ತಾಯಂದಿರೂ ಇರುತ್ತಾರೆ, ಅಜ್ಜಂದಿರೂ ಇರುತ್ತಾರೆ, ಸರದಿ ಬರುವವರೆಗೆ ಮಾತಾಡಲು ಬಿಡುವೂ ಇರುತ್ತದೆ. ಶಾಲೆಗೆ ಕರೆಸಿ ಕುರ್ಚಿಯಲ್ಲಿ ಕೂರಿಸಿ ಕೇಳಿದರೆ "ಎಲ್ಲಾ ಚೆನ್ನಾಗೈತೆ" ಎನ್ನುವವರು ಅಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಆದರೂ "ಶಾಲೆ ಹೇಗಿದೆ?" ಎಂದು ಕೇಳಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಅಂಥ ಪ್ರಶ್ನೆಗೆ ಬರುವ ಉತ್ತರ ಬಹಳಷ್ಟು ಸಲ ಕಟ್ಟಡದ ಬಣ್ಣದ ಬಗ್ಗೆ, ಸಮವಸ್ತ್ರದ ಬಗ್ಗೆ, ಇಲ್ಲವೇ ಯಾರೋ ಹೇಳಿದ ಮಾತಿನ ಬಗ್ಗೆ ಇರುತ್ತದೆ. ಅದರ ಬದಲು ನಡೆದದ್ದನ್ನು ಕೇಳಬೇಕು. ಈ ವರ್ಷ ಪೋಷಕರ ಸಭೆ ಯಾವಾಗ ನಡೆಯಿತು, ಅಲ್ಲಿ ನಿಮ್ಮ ಮಗಳ ಬಗ್ಗೆ ಯಾರಾದರೂ ಏನಾದರೂ ಹೇಳಿದರೇ, ಜೂನ್ ತಿಂಗಳಲ್ಲಿ ಒಟ್ಟು ಎಷ್ಟು ಹಣ ಕಟ್ಟಿದಿರಿ, ಅದಕ್ಕೆಲ್ಲ ರಸೀದಿ ಕೊಟ್ಟರೇ, ಮಗ ಮನೆಗೆ ಬರುವುದು ಎಷ್ಟು ಹೊತ್ತಿಗೆ, ಇವು ನಾನು ಕೇಳುವ ಪ್ರಶ್ನೆಗಳು.

ಹಣದ ಪ್ರಶ್ನೆಯಲ್ಲಿ ಒಬ್ಬ ತಾಯಿ ನನಗೆ ತೋರಿಸಿದ್ದನ್ನು ಇಲ್ಲಿ ಹೇಳಬೇಕು. ಆಕೆ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಚೀಲದಲ್ಲಿಯೇ ಮಗನ ಶಾಲೆಯ ರಸೀದಿಗಳನ್ನೆಲ್ಲ ಮಡಚಿ ಇಟ್ಟಿದ್ದರು. ಏಪ್ರಿಲ್‌ನಲ್ಲಿ ಮನೆಗೆ ಬಂದು ಕರಪತ್ರ ಕೊಟ್ಟವರು ಹೇಳಿದ್ದ ಫೀಸು ಮೊದಲನೆಯ ರಸೀದಿಯಲ್ಲಿ ಸರಿಯಾಗಿಯೇ ಇತ್ತು. ಆಮೇಲೆ ವ್ಯಾನಿಗೆ ಒಂದು, ಪುಸ್ತಕ ಮತ್ತು ನೋಟುಬುಕ್ಕಿಗೆ ಒಂದು, ಟೈ, ಬೆಲ್ಟು, ಶೂಗಳಿಗೆ ಒಂದು, ಸಂಜೆಯ ವಿಶೇಷ ತರಗತಿಗೆ ಮತ್ತೊಂದು ಎಂದು ರಸೀದಿಗಳು ಬೆಳೆದಿದ್ದವು. ಒಂದಕ್ಕೆ ಚೀಟಿಯೇ ಇರಲಿಲ್ಲ, ಆಕೆ ತಾನೇ ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದರು. ಶಾಲೆ ಕೆಟ್ಟದ್ದೆಂದು ಆಕೆ ಒಂದು ಮಾತೂ ಆಡಲಿಲ್ಲ, ಪಾಠ ಚೆನ್ನಾಗಿ ಮಾಡುತ್ತಾರೆಂದೇ ಹೇಳಿದರು. ಆದರೆ ಇಡೀ ವರ್ಷದ ಲೆಕ್ಕವನ್ನು ಮೊದಲೇ ಹೇಳಿದ್ದರೆ ಕಡಲೆಕಾಯಿ ಮಾರಿದ ಹಣವನ್ನು ಎತ್ತಿಡಬಹುದಿತ್ತು, ಕೈಸಾಲ ಮಾಡಬೇಕಾಗಿ ಬರುತ್ತಿರಲಿಲ್ಲ ಎಂಬುದು ಅವರ ಅಳಲು. ಅಂದಿನಿಂದ ಫೀಸು ಎಷ್ಟೆಂದು ಕೇಳುವ ಪೋಷಕರಿಗೆ, ಕಳೆದ ವರ್ಷ ಮಕ್ಕಳನ್ನು ಸೇರಿಸಿದವರ ರಸೀದಿಗಳನ್ನು ನೋಡಿ ಬನ್ನಿ ಎನ್ನುತ್ತೇನೆ.

ಇದರ ಜೊತೆಗೆ, ಪೋಷಕರಿಗೆ ಬಹುತೇಕ ತಿಳಿಯದೇ ಹೋಗುವ ಒಂದು ವಿಷಯವನ್ನು ನಾನೇ ಹೇಳುತ್ತೇನೆ. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಆದರೆ ಇದು ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಮಾತ್ರ. ಬಿಸಿಯೂಟವೂ ಅಷ್ಟೇ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಉಂಟು, ಅನುದಾನರಹಿತ ಶಾಲೆಗಳಲ್ಲಿ ಇಲ್ಲ. ಓದಿನಲ್ಲಿ ಮುಂದಿರುವ ಬಡ ಮಗುವನ್ನೇ "ಚೆನ್ನಾಗಿ ಓದ್ತಾನೆ, ಪ್ರೈವೇಟಿಗೆ ಹಾಕೋಣ" ಎಂದು ಸಾಲ ಮಾಡಿ ಸೇರಿಸುವ ಮನೆಗಳಿಗೆ ಈ ಮಾತು ಮಾರ್ಚ್ ತಿಂಗಳೊಳಗೇ ತಲುಪಬೇಕು.

ಇನ್ನು ಮಕ್ಕಳ ಅಭಿಪ್ರಾಯ. ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ತಿಳಿವಳಿಕೆ ಕೊಟ್ಟದ್ದು ಇದೇ. ನಮ್ಮಲ್ಲಿಂದ ಹೋಗಿ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ಓದುತ್ತಿರುವವರನ್ನು ಭಾನುವಾರ ನಮ್ಮ ಶಾಲೆಯ ಜಗುಲಿಗೆ ಬರಹೇಳುತ್ತೇನೆ. ಮನೆಯವರ ಒಪ್ಪಿಗೆ ಮೊದಲೇ ಪಡೆದಿರುತ್ತೇನೆ. ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಬೇರೆ ಬೇರೆ ಕೂರಿಸಿ ಕಾಗದದ ಚೀಟಿಗಳನ್ನು ಕೊಡುತ್ತೇನೆ. ಹೆಸರು ಬರೆಯಬಾರದು, ಯಾರು ಏನು ಬರೆದರೆಂದು ಅವರ ಶಾಲೆಗೆ ನಾನು ಹೇಳುವುದಿಲ್ಲ ಎಂಬ ಮಾತನ್ನು ಎಲ್ಲರೆದುರು ಕೊಡುತ್ತೇನೆ. ಇಲ್ಲಿಯೂ ಪ್ರಶ್ನೆಗಳು ನಡೆದದ್ದರ ಬಗ್ಗೆಯೇ: ಕಳೆದ ವಾರ ಗಣಿತದ ಪಿರಿಯಡ್ ಎಷ್ಟು ದಿನ ನಡೆಯಿತು? ವಿಜ್ಞಾನದ ಪ್ರಯೋಗವನ್ನು ನೀನೇ ಕೈಯಾರೆ ಮಾಡಿದ್ದು ಯಾವಾಗ? ಪಾಠ ಅರ್ಥವಾಗದಿದ್ದಾಗ ಎದ್ದು ಕೇಳಿದ್ದೀಯಾ, ಕೇಳಿದಾಗ ಏನಾಯಿತು? ನಿನ್ನೆ ಶಾಲೆಯಲ್ಲಿ ನೀರು ಕುಡಿದೆಯಾ?

ಕೊನೆಯ ಪ್ರಶ್ನೆ ಮೇಲುನೋಟಕ್ಕೆ ಬಹಳ ಸಣ್ಣದು. ಒಂದು ವರ್ಷ ಒಂದೇ ಶಾಲೆಯ ಹೆಣ್ಣುಮಕ್ಕಳ ಚೀಟಿಗಳಲ್ಲಿ ಒಂದರ ಹಿಂದೊಂದು "ಕುಡಿಯಲಿಲ್ಲ" ಎಂದೇ ಬಂತು. ನೀರಿನ ತೊಂದರೆಯೇ ಎಂದು ಕೇಳಿದೆ. ಫಿಲ್ಟರ್ ಇದೆ, ನೀರೂ ಬರುತ್ತದೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಒಬ್ಬಳು ಹೇಳಿದಳು: "ಟಾಯ್ಲೆಟ್ ಕೀ ಆಫೀಸ್ ರೂಮಲ್ಲಿ ಇರುತ್ತೆ ಮಿಸ್. ಸಾರ್ ಹತ್ರ ಹೋಗಿ ಕೇಳ್ಬೇಕು. ಅದಕ್ಕೇ ನಾವು ನೀರೇ ಕುಡಿಯಲ್ಲ." ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು ಸಂಜೆ ಐದು ದಾಟಿದ ಮೇಲೆ ಮನೆ ಸೇರುವ ಹುಡುಗಿಯರು ಇವರು. ಇದೇ ಶಾಲೆಯ ಬಗ್ಗೆ ಇವರ ತಂದೆಯರು ಡೈರಿಯ ಬಳಿ ಹೇಳಿದ್ದು ಶಿಸ್ತು ಚೆನ್ನಾಗಿದೆ, ಫೀಸಿನ ಕಾಟವಿಲ್ಲ, ಹತ್ತಿರವಿದೆ ಎಂದು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮಗಳು ಇದನ್ನು ಮನೆಯಲ್ಲಿ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಮಕ್ಕಳ ಅನುಮತಿ ಪಡೆದು, ಯಾರ ಹೆಸರನ್ನೂ ಹೇಳದೆ, ಆ ಶಾಲೆಯ ಮುಖ್ಯ ಶಿಕ್ಷಕರನ್ನು ನಾನು ಖುದ್ದಾಗಿ ಕಂಡು ಮಾತಾಡಿದೆ. ಹೊರಗಿನವರು ಒಳಬಂದು ಹಾಳುಮಾಡುತ್ತಾರೆಂದು ಬೀಗ ಹಾಕಿಸಿದ್ದೆವು, ಹೀಗಾಗಿದೆಯೆಂದು ತಿಳಿದಿರಲಿಲ್ಲ ಎಂದು ಅವರು ಹೇಳಿದರು. ಆಮೇಲೆ ಕೀ ಅಲ್ಲಿನ ಶಿಕ್ಷಕಿಯೊಬ್ಬರ ಬಳಿ, ಅವರು ಇಲ್ಲದ ದಿನ ತರಗತಿಯ ನಾಯಕಿಯ ಬಳಿ ಇರುವಂತಾಯಿತು. ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲೂ ಶೌಚಾಲಯದ ವಿಷಯವನ್ನು ಮಕ್ಕಳೇ ಎತ್ತಬಹುದು, ಎತ್ತಿದರೆ ನಡಾವಳಿಯಲ್ಲಿ ದಾಖಲಾಗುತ್ತದೆ. ಈ ಸಭೆ ಎಷ್ಟೋ ಕಡೆ ಭಾಷಣಕ್ಕೂ ಬಿಸ್ಕತ್ತಿಗೂ ಮುಗಿದುಹೋಗುತ್ತದೆಯೆಂಬುದು ನನಗೆ ನೋವಿನ ಸಂಗತಿ.

ಮಕ್ಕಳು ಹೇಳುವ ಎಲ್ಲವನ್ನೂ ಅಭಿಪ್ರಾಯವೆಂದು ಬರೆದಿಟ್ಟುಕೊಂಡು ಸುಮ್ಮನಿರಲಾಗುವುದಿಲ್ಲ. ಹೊಡೆತ, ಅವಮಾನ, ಅನುಚಿತವಾಗಿ ಮುಟ್ಟುವುದು, ಇಂಥ ಯಾವುದೇ ಸುಳಿವು ಸಿಕ್ಕರೂ ಅದನ್ನು ಆ ಕ್ಷಣವೇ ಬೇರೆಯಾಗಿ ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ವರದಿ ಮಾಡಲೇಬೇಕು. ಆದ್ದರಿಂದಲೇ ಗುಟ್ಟು ಕಾಯುತ್ತೇನೆಂದು ಮಾತು ಕೊಡುವಾಗ, ನಿಮಗೆ ಅಪಾಯವಾಗುವಂಥದ್ದಿದ್ದರೆ ಮಾತ್ರ ಹೇಳಬೇಕಾದವರಿಗೆ ಹೇಳುತ್ತೇನೆ ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ. ಮಕ್ಕಳ ಸಹಾಯವಾಣಿ 1098 ಅನ್ನು ಎಲ್ಲರ ನೋಟುಬುಕ್ಕಿನ ಹಿಂಬದಿಯಲ್ಲಿ ಬರೆಸುತ್ತೇನೆ.

ಪಾಠದ ವಿಷಯದಲ್ಲಿ ಮಕ್ಕಳ ಮಾತು ಬಹಳ ನಿಖರವಾಗಿರುತ್ತದೆ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರ ಹುದ್ದೆ ಖಾಲಿಯಿದೆಯೇ, ಅತಿಥಿ ಶಿಕ್ಷಕರು ಯಾವ ತಿಂಗಳಲ್ಲಿ ಬಂದರು, ಅವರು ಬರುವವರೆಗೆ ಗಣಿತದ ಪಿರಿಯಡ್‌ನಲ್ಲಿ ಏನು ಮಾಡಿಸಿದರು, ಇದನ್ನೆಲ್ಲ ಒಂಬತ್ತನೇ ತರಗತಿಯ ಹುಡುಗನೊಬ್ಬ ಎರಡೇ ವಾಕ್ಯದಲ್ಲಿ ಹೇಳಬಲ್ಲ. ಕನ್ನಡ ಮಾಧ್ಯಮದಲ್ಲಿ ಏಳನೆಯದು ಮುಗಿಸಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದವರು ಹೇಳುವುದನ್ನಂತೂ ಪೋಷಕರು ಕೇಳಲೇಬೇಕು. ಲೆಕ್ಕ ಬರುತ್ತದೆ, ಆದರೆ ಪ್ರಶ್ನೆ ಏನು ಕೇಳುತ್ತಿದೆಯೆಂದು ತಿಳಿಯುವುದಿಲ್ಲ ಎಂದು ಹೇಳಿದವರಿದ್ದಾರೆ. ಅವರಲ್ಲಿ ಕೆಲವರು, ಮೊದಲ ಕೆಲವು ತಿಂಗಳು ಕನ್ನಡದಲ್ಲೂ ವಿವರಿಸುವ ಶಿಕ್ಷಕರು ಸಿಕ್ಕಿದ್ದರಿಂದ ಚೇತರಿಸಿಕೊಂಡರು. ಇನ್ನು ಕೆಲವರು ಹಿಂದಿನ ಬೆಂಚಿಗೆ ಸರಿದರು. ನಮ್ಮದು ಆಂಧ್ರದ ಗಡಿಗೆ ಹತ್ತಿರವಾದ ಸೀಮೆ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ, ಅದರ ಮೇಲೆ ಎಂಟನೇ ತರಗತಿಯಲ್ಲಿ ಇನ್ನೊಂದು ಮಾಧ್ಯಮ. ಮಾಧ್ಯಮ ಬದಲಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬದಲಿಸುವ ಮಕ್ಕಳಿಗೆ ಆ ಶಾಲೆ ಜೂನ್ ಮತ್ತು ಜುಲೈನಲ್ಲಿ ಏನು ಮಾಡುತ್ತದೆಯೆಂದು ಅಲ್ಲಿ ಓದುತ್ತಿರುವವರನ್ನು ಕೇಳಿ ಎನ್ನುತ್ತೇನೆ.

ಫಲಿತಾಂಶದ ಮಾತಿಗೆ ಬಂದರೆ, ಪೋಷಕರ ಅಭಿಪ್ರಾಯವನ್ನು ಹೆಚ್ಚಾಗಿ ರೂಪಿಸುವುದು ಬಸ್ ನಿಲ್ದಾಣದ ಎದುರು ಕಟ್ಟುವ "ಶೇ. 100 ಫಲಿತಾಂಶ" ಎಂಬ ಬ್ಯಾನರ್. ನಾನು ಅದರ ಜೊತೆಗೆ ಮತ್ತೊಂದು ಸಂಖ್ಯೆಯನ್ನು ಕೇಳಲು ಹೇಳುತ್ತೇನೆ: ಈ ಹತ್ತನೇ ತರಗತಿಯವರು ಎಂಟರಲ್ಲಿದ್ದಾಗ ಎಷ್ಟು ಮಕ್ಕಳಿದ್ದರು, ಪರೀಕ್ಷೆ ಬರೆದವರು ಎಷ್ಟು? ಒಂಬತ್ತನೇ ತರಗತಿ ಮುಗಿದ ಮೇಲೆ "ನಿಮ್ಮ ಮಗನಿಗೆ ಇಲ್ಲಿ ಕಷ್ಟವಾಗುತ್ತೆ" ಎಂದು ಟಿಸಿ ಕೊಟ್ಟು ಕಳಿಸಿದ್ದನ್ನೂ, ಖಾಸಗಿ ಅಭ್ಯರ್ಥಿಯಾಗಿ ಕಟ್ಟಿ ಎಂದು ಹೇಳಿದ್ದನ್ನೂ ನನಗೆ ಪೋಷಕರು ಹೇಳಿದ್ದಾರೆ. ಶಾಲೆ ಬಿಟ್ಟುಬಂದ ಇಂಥವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ಅವರು ತಾವಾಗಿಯೇ ಹೇಳಿಕೊಳ್ಳುವುದೂ ಇಲ್ಲ. ನಾನು ಅವರನ್ನು ಹುಡುಕಿಕೊಂಡು ಹೋಗುತ್ತೇನೆ, ಏಕೆಂದರೆ ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಶಾಲೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಒಂದೇ ವರ್ಷದ ಫಲಿತಾಂಶವನ್ನು ನಂಬಬಾರದೆಂಬುದಕ್ಕೆ ಇಡೀ ರಾಜ್ಯದ ಅಂಕಿಯೇ ಸಾಕ್ಷಿ. 2023ರಲ್ಲಿ ಶೇ. 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಹಾಗಾಗಿ ಕನಿಷ್ಠ ಮೂರು ವರ್ಷದ ಫಲಿತಾಂಶವನ್ನು ಒಟ್ಟಿಗೆ ನೋಡುವುದು ಮೇಲು.

ದೂರದ ಪ್ರಶ್ನೆ ಹೆಣ್ಣುಮಕ್ಕಳ ಮಟ್ಟಿಗೆ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ, ತಾಲ್ಲೂಕು ಕೇಂದ್ರದ ಶಾಲೆಯನ್ನು ಖರ್ಚಿನ ಕಾರಣಕ್ಕೆ ಕೈಬಿಡುವ ಮನೆಗಳು ನಮ್ಮಲ್ಲಿ ಕಡಿಮೆಯಾದವು. ಆದರೆ ಸಂಜೆಯ ಬಸ್ಸು ತುಂಬಿ ಬಂದರೆ ನಿಲ್ಲುವುದಿಲ್ಲ, ಮುಂದಿನ ಬಸ್ಸಿಗೆ ಕತ್ತಲಾಗುತ್ತದೆ ಎಂದು ಹೇಳಿದವರು ಮಕ್ಕಳೇ. ಒಂದೇ ಓಣಿಯ ಮೂರ್ನಾಲ್ಕು ಹುಡುಗಿಯರು ಒಟ್ಟಿಗೆ ಸೇರಿದರೆ ಪರವಾಗಿಲ್ಲ ಎಂಬ ಪರಿಹಾರವೂ ಅವರದ್ದೇ.

ಸಂಗ್ರಹಿಸಿದ್ದನ್ನು ಮಾರ್ಚ್ ತಿಂಗಳ ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇನೆ. ಮಕ್ಕಳೂ ತಂದೆತಾಯಿಯ ಪಕ್ಕದಲ್ಲೇ ಕೂರಬೇಕೆಂಬುದು ನನ್ನ ಪಟ್ಟು. ಮೊದಲನೇ ಶಾಲೆ, ಎರಡನೇ ಶಾಲೆ ಎಂದು ಶ್ರೇಣಿ ಕೊಡಲು ನಾನು ಒಪ್ಪುವುದಿಲ್ಲ, ಎಷ್ಟು ಒತ್ತಾಯಿಸಿದರೂ. ಮಾತು ಕಡಿಮೆಯಾದ, ನಿಧಾನವಾಗಿ ಕಲಿಯುವ ಹುಡುಗಿಗೆ ಚಿಕ್ಕ ತರಗತಿಯ ಅನುದಾನಿತ ಶಾಲೆ ಹಿಡಿಸಬಹುದು. ಓಟದಲ್ಲಿ ಮುಂದಿರುವ ಹುಡುಗನಿಗೆ ದೊಡ್ಡ ಮೈದಾನವೂ ದೈಹಿಕ ಶಿಕ್ಷಣ ಶಿಕ್ಷಕರೂ ಇರುವ ಸರ್ಕಾರಿ ಶಾಲೆಯೇ ಸರಿಯಾಗಬಹುದು. ಒಬ್ಬರೇ ಹೇಳಿದ ದೂರನ್ನು ಓದುವುದಿಲ್ಲ; ಬೇರೆ ಬೇರೆ ಮನೆಗಳಿಂದ ಬಂದದ್ದನ್ನು ಮಾತ್ರ, ಯಾವ ವರ್ಷದ್ದೆಂದು ಹೇಳಿ ಓದುತ್ತೇನೆ, ಏಕೆಂದರೆ ಒಬ್ಬ ಶಿಕ್ಷಕರ ವರ್ಗಾವಣೆಯಾದರೆ ಸಾಕು, ಹೋದ ವರ್ಷದ ಮಾತು ಈ ವರ್ಷಕ್ಕೆ ಹೊಂದದೆ ಹೋಗಬಹುದು. ಓದುವ ಮೊದಲು ಆಯಾ ಶಾಲೆಯ ಮುಖ್ಯ ಶಿಕ್ಷಕರಿಗೂ ತಿಳಿಸುತ್ತೇನೆ. ಕೆಲವರು ಮುನಿಸಿಕೊಂಡಿದ್ದುಂಟು. ಒಬ್ಬರು ತಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅದನ್ನೇ ಚರ್ಚೆಗೆ ಇಟ್ಟುಕೊಂಡರು.

ದಸರಾ ರಜೆಯಲ್ಲಿ, ಹೊಸದಾಗಿ ಎಂಟಕ್ಕೆ ಸೇರಿದವರನ್ನು ಮತ್ತೆ ಮಾತಾಡಿಸುತ್ತೇನೆ. ಜೂನ್‌ನಲ್ಲಿ ಹೇಳಿದ್ದಕ್ಕೂ ಆಗ ಹೇಳುವುದಕ್ಕೂ ಬಹಳ ವ್ಯತ್ಯಾಸವಿರುತ್ತದೆ. ಹೊಸ ಶಾಲೆಯ ಭಯವಾಗಲಿ, ಸಂಭ್ರಮವಾಗಲಿ ಇಳಿದ ಮೇಲೆ ಬರುವ ಆ ಎರಡನೆಯ ಮಾತನ್ನೇ ನಾನು ಮುಂದಿನ ವರ್ಷದ ಪೋಷಕರಿಗಾಗಿ ಬರೆದಿಡುವುದು. ಈ ಸಲದ ಸಭೆಗೆ, ಹತ್ತನೆಯದು ಮುಗಿಸಿ ಈಗ ಪಿಯುಸಿ ಓದುತ್ತಿರುವ ಇಬ್ಬರು ಹಳೆಯ ವಿದ್ಯಾರ್ಥಿನಿಯರು ತಾವೇ ಬಂದು ಮಾತಾಡುತ್ತೇವೆಂದಿದ್ದಾರೆ. ಓದು ಮುಗಿಸಿ ಹೊರಬಂದವರಾದ್ದರಿಂದ ಅವರಿಗೆ ಚೀಟಿ ಬೇಡ, ಹೆಸರು ಮುಚ್ಚಿಡುವುದೂ ಬೇಡ ಎಂದು ಅವರೇ ಹೇಳಿದರು.