ಊರಿನ ಮ್ಯೂಸಿಯಂನಲ್ಲಿ ಮನಸ್ಸಿಗೆ ಬಿಡುವಿನ ಕೂಟ ನಡೆಸುವುದು ಹೇಗೆ

ಮಾನಸಿಕ ಆರೋಗ್ಯವನ್ನು ದೊಡ್ಡಾಸ್ಪತ್ರೆಯಿಂದ ಹಳ್ಳಿಗೆ ತಂದ ಲೆಕ್ಕದಲ್ಲಿ ಬಳ್ಳಾರಿಗೆ ಹಳೆಯ ಹೆಸರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಪ್ರಯೋಗ ಮಾಡಿದ್ದು ಈ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ತಳಹದಿ. ಮ್ಯೂಸಿಯಂ ಮಾಡಬಹುದಾದ್ದು ಅದಕ್ಕಿಂತ ಬಹಳ ಚಿಕ್ಕ ಕೆಲಸ. ಅದು ಚಿಕಿತ್ಸೆಯಲ್ಲ. ಒಂಟಿಯಾಗಿರುವ ಹಿರಿಯರು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡು ದಣಿದವರು, ಚಿಕಿತ್ಸೆಯಲ್ಲಿದ್ದು ಮತ್ತೆ ಜನರೊಡನೆ ಬೆರೆಯಲು ಹಿಂಜರಿಯುವವರು, ಇಂಥವರಿಗೆ ವಾರಕ್ಕೊಂದು ಒಂದೂವರೆ ತಾಸು ಕೊಡುವುದು ಅಷ್ಟೇ.

ಕೆನಡಾದ ಮಾಂಟ್ರಿಯಲ್ ಲಲಿತಕಲಾ ಮ್ಯೂಸಿಯಂ 2018ರಲ್ಲಿ ವೈದ್ಯರು ಬರೆದುಕೊಟ್ಟ ಚೀಟಿಗೆ ಉಚಿತ ಪ್ರವೇಶ ಕೊಡುವ ಯೋಜನೆ ತಂದಿತು. ನಮ್ಮ ಕಡೆ ಟಿಕೆಟ್ ದುಡ್ಡು ಅಂಥ ಅಡ್ಡಿಯೇನಲ್ಲ. ಒಳಗೆ ಹೋದ ಮೇಲೆ ಏನು ಮಾಡಬೇಕೆಂದು ತಿಳಿಯದಿರುವುದೇ ಅಡ್ಡಿ. ಜನ ಒಂದು ಸುತ್ತು ಹಾಕಿ ಹತ್ತು ನಿಮಿಷದಲ್ಲಿ ಹೊರಗಿರುತ್ತಾರೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಅಳೆದು ನೋಡಿದಾಗಲೂ ಒಂದು ಕಲಾಕೃತಿಯ ಮುಂದೆ ನಿಂತ ಸರಾಸರಿ ಹೊತ್ತು 27 ಸೆಕೆಂಡು. ಹಾಗಾಗಿ ಕಡಿಮೆ ತೋರಿಸಿ, ಹೆಚ್ಚು ಹೊತ್ತು ನೋಡಿಸಿ. ಒಂದು ಕೂಟಕ್ಕೆ ಮೂರೇ ವಸ್ತು ಸಾಕು.

ಮೊದಲು ಜಿಲ್ಲಾ ಮಾನಸಿಕ ಆರೋಗ್ಯ ತಂಡದೊಂದಿಗೆ ಮಾತಾಡಿ. ಯಾರನ್ನು ಕಳಿಸಬೇಕು, ಯಾರನ್ನು ಸದ್ಯಕ್ಕೆ ಬೇಡ ಎಂದು ಹೇಳುವವರು ಅವರು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುವುದು ಮಂಗಳವಾರ, ಆವತ್ತು ಅವರಿಗೆ ಪುರುಸೊತ್ತಿರುವುದಿಲ್ಲ. ಊರ ಸಂತೆಯ ದಿನವನ್ನೂ ಬಿಡಿ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತಕ್ಕೆ ಶುರುಮಾಡಿ ಹನ್ನೊಂದೂವರೆಗೆ ಮುಗಿಸಿ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಎರಡಕ್ಕೆ ಕರೆದರೆ ಬರುವವರು ಸಂಘಟಕರು ಮಾತ್ರ. ಎಂಟರಿಂದ ಹತ್ತು ಜನ, ನಡೆಸಲು ಇಬ್ಬರು: ಒಬ್ಬರು ಮಾತಾಡಿಸಲು, ಇನ್ನೊಬ್ಬರು ಯಾರಾದರೂ ಎದ್ದು ಹೊರಗೆ ಹೋದರೆ ಜೊತೆಗೆ ಹೋಗಲು. ಬೆನ್ನಿಗೆ ಆಸರೆಯಿರುವ ಕುರ್ಚಿ, ಕುಡಿಯುವ ನೀರು, ಬೀಗ ಹಾಕಿರದ ಶೌಚಾಲಯ. ಕೊನೆಯದನ್ನು ಹಿಂದಿನ ದಿನವೇ ಹೋಗಿ ನೋಡಿ ಬನ್ನಿ.

ಬ್ಯಾನರಿನಲ್ಲಿ ‘ಮಾನಸಿಕ’ ಎಂಬ ಪದ ಬೇಡ. ನೆರೆಯವರು ನೋಡಿಯಾರು ಎಂಬ ಅಳುಕಿಗೇ ಅರ್ಧ ಜನ ಗೇಟಿನಿಂದ ಹಿಂದಿರುಗುತ್ತಾರೆ. ‘ಬುಧವಾರದ ಕೂಟ’ ಎಂದರೆ ಸಾಕು. ಫೋಟೊ, ಪತ್ರಿಕಾ ವರದಿ, ಮುಖ್ಯ ಅತಿಥಿ, ಶಾಲು ಇವೆಲ್ಲ ನಿಷಿದ್ಧ. ಆದರೆ ಕರೆಯುವಾಗ ಪ್ರತಿಯೊಬ್ಬರಿಗೂ ವಿಷಯ ನೇರವಾಗಿ ಹೇಳಿರಬೇಕು. ಹಾಜರಿ ಪುಸ್ತಕದಲ್ಲಿ ಹೆಸರಷ್ಟೇ ಇರಲಿ, ಕಾಯಿಲೆಯ ಸುಳಿವೂ ಬೇಡ.

ಹೆಚ್ಚು ಯೋಚನೆ ಬೇಡುವುದು ವಸ್ತುಗಳ ಆಯ್ಕೆ. ಕೈಕೆಲಸದ ಗುರುತುಳ್ಳ ವಸ್ತು ಎಲ್ಲಕ್ಕಿಂತ ಒಳ್ಳೆಯದು. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಸಂಗ್ರಹಾಲಯಕ್ಕೆ ಹೋದರೆ ನವಶಿಲಾಯುಗದ ಕಲ್ಲಿನ ಕೊಡಲಿಗಳನ್ನು ಆರಿಸಿಕೊಳ್ಳಿ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಕರಿಗಲ್ಲನ್ನು ಒಡೆದು, ಬಂಡೆಗೆ ತಿಕ್ಕಿ ನುಣುಪು ಮಾಡಿ ಇವನ್ನು ತಯಾರಿಸುತ್ತಿದ್ದರು. ಒರಳು, ಬೀಸುಕಲ್ಲು ಬಳಸಿದ ಅವ್ವಂದಿರಿಗೆ ಕಲ್ಲು ಸವೆಯುವ ಬಗೆ ಯಾವ ಮಾರ್ಗದರ್ಶಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ, ಮಾತು ತಾನಾಗಿ ಬರುತ್ತದೆ. ಗಾಜಿನೊಳಗಿನದನ್ನು ಮುಟ್ಟುವಂತಿಲ್ಲವಾದ್ದರಿಂದ ಅದೇ ತೂಕದ ಒಂದೆರಡು ಕರಿಗಲ್ಲನ್ನು ಕೈಗೆ ಕೊಡಿ. ತೊಗಲುಗೊಂಬೆಯಾದರೆ ಹಿಂದೊಂದು ದೀಪ ಬೇಕು. ಬೆಳಕಿಲ್ಲದೆ ನೇತುಹಾಕಿದ ಗೊಂಬೆಯ ಬಣ್ಣ ಅರ್ಧವೂ ಕಾಣುವುದಿಲ್ಲ.

ವೀರಗಲ್ಲಿನ ವಿಷಯದಲ್ಲಿ ಎಚ್ಚರ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ದುಃಖ ಹಳೆಯದಾಗಿದ್ದವರಿಗೆ ಈ ಕಲ್ಲು ಮಾತು ಕೊಡುತ್ತದೆ. ಹೊಸದಾಗಿ ಸಾವು ಕಂಡ ಮನೆಯವರಿದ್ದರೆ ಅದರ ಮುಂದೆ ಕೂರಿಸಬೇಡಿ. ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲಂತೂ ಈ ಕೂಟಕ್ಕೆ ಸಲ್ಲದು, ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ ಸತಿಯ ಹೊಗಳಿಕೆ ಬಿಚ್ಚಿಟ್ಟಂತಾಗುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಪ್ರಾಚೀನ ಕಲ್ಮನೆಗಳ ಚಿತ್ರ ತೋರಿಸುವಾಗಲೂ ಅವು ಸತ್ತವರಿಗಾಗಿ ಕಟ್ಟಿದವು ಎಂಬುದು ನೆನಪಿರಲಿ.

ಕೂಟ ಶುರುವಾದ ಮೇಲೆ ಮೊದಲ ಹತ್ತು ನಿಮಿಷ ಮಜ್ಜಿಗೆ, ಊರು-ಕೇರಿಯ ಮಾತು. ಆಮೇಲೆ ಒಂದೊಂದು ವಸ್ತುವಿಗೆ ಹದಿನೈದು ನಿಮಿಷ, ಅದರಲ್ಲಿ ಮೊದಲ ಮೂರು ನಿಮಿಷ ಸುಮ್ಮನೆ ನೋಡುವುದು. ಈ ಮೌನವನ್ನು ನಡೆಸುವವರೇ ತಡೆಯಲಾರದೆ ಮುರಿಯುತ್ತಾರೆ. ಗಡಿಯಾರ ನೋಡಿಕೊಳ್ಳಿ. ನಂತರ ಮೂರು ಪ್ರಶ್ನೆ, ಆಡುಮಾತಿನಲ್ಲೇ: “ಇಲ್ಲಿ ಏನ್ ನಡದೈತ್ರಿ?” “ಏನು ನೋಡಿ ಹಂಗಂದ್ರಿ?” “ಇನ್ನೇನು ಕಾಣ್ತೈತಿ?” ಎರಡನೆಯದನ್ನು “ಯಾಕ ಹಂಗಂದ್ರಿ?” ಎಂದು ಕೇಳಿದರೆ ಪರೀಕ್ಷೆಯಾಗಿಬಿಡುತ್ತದೆ, ಮುಂದೆ ಯಾರೂ ಬಾಯಿ ಬಿಡುವುದಿಲ್ಲ. “ನಿಮಗೆ ಏನನಿಸುತ್ತಿದೆ?” ಎಂದು ಮನಸ್ಸಿಗೆ ಕೈ ಹಾಕುವುದೂ ಬೇಡ, ವಸ್ತುವಿನ ಬಗ್ಗೆಯೇ ಕೇಳಿ. ತೆಲುಗು, ಉರ್ದು, ಲಂಬಾಣಿ ಮಾತು ಬಂದರೆ ಬರಲಿ, ಪಕ್ಕದವರು ಬಿಡಿಸಿ ಹೇಳುತ್ತಾರೆ. ಇಸವಿ, ರಾಜವಂಶದ ಮಾಹಿತಿ ಯಾರಾದರೂ ಕೇಳಿದರೆ ಮಾತ್ರ. ಹೆಚ್ಚು ಓದಿಕೊಂಡ ಕ್ಯುರೇಟರೇ ಇಲ್ಲಿ ಹೆಚ್ಚು ಎಡವುವುದು.

ಕೊನೆಯ ಮೂವತ್ತೈದು ನಿಮಿಷ ಕೈಕೆಲಸ. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆಗೆ ಬಳಸುವ ಕಿಟ್ಟ ಎಂಬ ಮಿಶ್ರಣದಲ್ಲಿ ಗೋಣಿಯ ನಾರು ಮತ್ತು ಹುಣಸೆಬೀಜದ ಅಂಟು ಇರುತ್ತವೆ. ಅದರ ಸುಲಭ ರೂಪ ಇಲ್ಲಿಗೆ ಒಪ್ಪುತ್ತದೆ. ಹತ್ತು ಜನಕ್ಕೆ 200 ಗ್ರಾಂ ಹುಣಸೆಬೀಜದ ಪುಡಿಯನ್ನು ಅರ್ಧ ಲೀಟರ್ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದೂವರೆ ಲೀಟರ್ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಅಂಬಲಿಯ ಹದಕ್ಕೆ ಬರುವ ತನಕ ತಿರುವಿ. ಪುಡಿಯನ್ನು ನೇರ ಬಿಸಿನೀರಿಗೆ ಹಾಕಿದರೆ ಹೊರಗೆ ಅಂಟು, ಒಳಗೆ ಒಣಪುಡಿಯ ಗಂಟುಗಳಾಗುತ್ತವೆ. ಆರಿದ ಮೇಲೆ ಸಾಣಿಸಿದ ಮರದ ಪುಡಿಯನ್ನು ಸ್ವಲ್ಪಸ್ವಲ್ಪವೇ ಸೇರಿಸಿ ರೊಟ್ಟಿ ಹಿಟ್ಟಿನಂತೆ ನಾದಿ. ಅಂಟು ನಮ್ಮ ಸೆಕೆಗೆ ಮರುದಿನವೇ ಹುಳಿ ವಾಸನೆ ಹೊಡೆಯುತ್ತದೆ. ಕೆಡದಿರಲೆಂದು ಮೈಲುತುತ್ತ ಬೆರೆಸಬೇಡಿ, ಅದು ವಿಷ. ಆಯಾ ದಿನವೇ ಕಾಯಿಸಿಕೊಳ್ಳಿ. ಮಾಡಿದ ಗೊಂಬೆಯನ್ನು ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಮುಂದಿನ ವಾರ ಬಣ್ಣ. ಅರ್ಧವಾದ ಗೊಂಬೆ ಮ್ಯೂಸಿಯಂನಲ್ಲೇ ಉಳಿದರೆ ಮತ್ತೆ ಬರಲು ಅದೇ ಒಂದು ನೆಪ.

ಯಾರಾದರೂ ಅತ್ತರೆ ಗಾಬರಿ ಬೇಡ, ಗುಂಪಿನ ಮುಂದೆ ಸಮಾಧಾನದ ಭಾಷಣವೂ ಬೇಡ. ನಡೆಸುವ ಇಬ್ಬರಲ್ಲಿ ಎರಡನೆಯವರು ಪಕ್ಕದಲ್ಲಿ ಕೂತಿರಲಿ, ಹೊರಗೆ ಹೋಗುತ್ತೀರಾ ಎಂದು ಮೆಲ್ಲಗೆ ಕೇಳಲಿ. “ಬದುಕಿ ಏನ್ ಮಾಡೋದೈತಿ” ಎಂಬ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಮನೆಗೆ ಕಳಿಸಬೇಡಿ. ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ (ಉಚಿತ, ಹಗಲೂ ರಾತ್ರಿ, ಕನ್ನಡದಲ್ಲಿ), ಜಿಲ್ಲಾ ತಂಡಕ್ಕೂ ತಿಳಿಸಿ. ಈ ನಂಬರು ಶೌಚಾಲಯದ ಗೋಡೆಯ ಮೇಲೂ ಇರಲಿ, ಯಾರೂ ನೋಡದಂತೆ ಬರೆದುಕೊಳ್ಳಬಹುದಾದ ಜಾಗ ಅದೊಂದೇ.

ಆರು ವಾರ ಒಂದು ಸರಣಿ. ಫಲ ಅಳೆಯಬೇಕೆಂದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಯೋಗಕ್ಷೇಮ ಸೂಚಿಯನ್ನು ಮೊದಲ ಮತ್ತು ಕೊನೆಯ ವಾರ ಬಾಯಲ್ಲೇ ಕೇಳಿ. ಒಟ್ಟು 25 ಅಂಕ, 13ಕ್ಕಿಂತ ಕಡಿಮೆ ಬಂದವರನ್ನು ವೈದ್ಯರ ಬಳಿ ಕಳಿಸಿ. ವರದಿಗೆ ಈ ಅಂಕಿ ಬೇಕಾಗುತ್ತದೆ, ಆದರೆ ಎಷ್ಟು ಜನ ನಾಲ್ಕನೇ ವಾರಕ್ಕೂ ಬಂದರು ಎಂಬುದೇ ಹೆಚ್ಚು ನಿಜ ಹೇಳುತ್ತದೆ. ಬಾರದವರ ಮನೆಗೆ ಆಶಾ ಕಾರ್ಯಕರ್ತೆಯ ಮೂಲಕ ಒಮ್ಮೆ ವಿಚಾರಿಸಿ, ಎರಡನೇ ಸಲ ಒತ್ತಾಯಿಸಬೇಡಿ. ಗೊಂಬೆಗಳನ್ನು ಮಾಡಿದವರೇ ಒಯ್ಯಲಿ. ಪ್ರದರ್ಶನಕ್ಕಿಡುವ ಆಸೆಯಿದ್ದರೆ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ, ಗುಂಪಿನಲ್ಲಿ ಕೇಳಿದರೆ ಒಲ್ಲೆ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ.