ವಿಪಿಎನ್ ಹಾಕಿದೊಡನೆ ಆಫೀಸಿನ ತಾಣ ತೆರೆಯದಿದ್ದರೆ

ಶಿರಸಿ, ಸಿದ್ದಾಪುರದ ಕಡೆ ತೋಟದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರಿಗೆ ಈಗ ಕೊರತೆಯಿಲ್ಲ. ಉಬುಂಟು ಲಿನಕ್ಸ್‌ನಲ್ಲಿ ವಿಪಿಎನ್ (ಆಫೀಸಿನ ಜಾಲಕ್ಕೆ ಸೇರಿಸುವ ಖಾಸಗಿ ದಾರಿ) ಹಾಕಿದ ಕೂಡಲೇ ಆಫೀಸಿನ ತಾಣ ನಾಪತ್ತೆಯಾದರೆ ಬೈಗುಳವೆಲ್ಲ ಮಳೆಗೆ, ಫೈಬರ್ ಲೈನಿಗೆ. ಮೊದಲು ಟರ್ಮಿನಲ್ ತೆರೆದು 1.1.1.1 ಎಂಬ ಹೊರಗಿನ ಸರ್ವರಿಗೆ ಪಿಂಗ್ ಮಾಡಿ, ಅಂದರೆ ಅದು ಓಗೊಡುತ್ತದೆಯೇ ನೋಡಿ. ಉತ್ತರ ಬಂದರೆ ಲೈನ್ ಸರಿಯಿದೆ, ಗೋಜಲಿರುವುದು ಬಹುಶಃ ಡಿಎನ್ಎಸ್‌ನಲ್ಲಿ, ಅಂದರೆ ತಾಣದ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಲ್ಲಿ.

ಬಹಳ ಜನ ಕೆಡಿಸಿಕೊಳ್ಳುವುದು ಇಲ್ಲೇ. ಇಟಿಸಿ ಫೋಲ್ಡರಿನ ರಿಸಾಲ್ವ್.ಕಾನ್ಫ್ ಎಂಬ ಡಿಎನ್ಎಸ್ ಫೈಲನ್ನು ತೆರೆದು ತಿದ್ದುತ್ತಾರೆ. ಬೇಡ. ಉಬುಂಟುವಿನಲ್ಲಿ ಅದು ಸಿಸ್ಟಮ್‌ಡಿ-ರಿಸಾಲ್ವ್‌ಡಿ (ಹೆಸರು ಹುಡುಕುವ ಕೆಲಸ ನೋಡಿಕೊಳ್ಳುವ ಸೇವೆ) ಬರೆಯುವ ಫೈಲಿಗೆ ಹಾಕಿದ ಕೊಂಡಿ ಅಷ್ಟೇ. ನೀವು ಬರೆದದ್ದು ಉಳಿಯುವುದಿಲ್ಲ. ಒಳಗಿರುವ 127.0.0.53 ತಪ್ಪೂ ಅಲ್ಲ, ಅದು ನಿಮ್ಮ ಯಂತ್ರದ್ದೇ ವಿಳಾಸ. ಕೊಂಡಿ ಕಿತ್ತು ಬೇರೆ ಫೈಲಿಟ್ಟು ಯಾರೂ ಬದಲಿಸದಂತೆ ಚ್ಯಾಟ್ಟರ್ ಆಜ್ಞೆಯಿಂದ ಬೀಗ ಜಡಿಯುವ ಉಪಾಯವನ್ನಂತೂ ನಂಬಲೇಬೇಡಿ. ಆಮೇಲೆ ಗೋಕರ್ಣದ ಹೋಮ್‌ಸ್ಟೇಗೆ ಹೋದಾಗ ಅಲ್ಲಿನ ವೈಫೈ ಲಾಗಿನ್ ಪುಟವೇ ಬಾರದೇ ಹೋಗಬಹುದು.

ವಿಪಿಎನ್ ಚಾಲೂ ಇರುವಾಗಲೇ ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಎಂದು ಹೊಡೆಯಿರಿ. ಒಂದೊಂದು ಲಿಂಕಿನ (ವೈಫೈ, ವಿಪಿಎನ್‌ನಂಥ ಸಂಪರ್ಕದ) ಕೆಳಗೂ ಅದರ ಡಿಎನ್ಎಸ್ ಸರ್ವರ್, ಡಿಎನ್ಎಸ್ ಡೊಮೈನ್ ಕಾಣುತ್ತವೆ. ಟನ್0, ಅಂದರೆ ವಿಪಿಎನ್‌ನ ಲಿಂಕಿನ ಕೆಳಗೆ ಸರ್ವರ್ ಇದ್ದು ಡೊಮೈನ್ ಸಾಲೇ ಇಲ್ಲವೆಂದರೆ ಕಳ್ಳ ಸಿಕ್ಕಿದ ಹಾಗೆ. ಆಫೀಸಿನ ಒಳಗಿನ ಹೆಸರನ್ನು ಲ್ಯಾಪ್‌ಟಾಪ್ ಮನೆಯ ರೌಟರಿಗೆ ಕೇಳುತ್ತಿದೆ, ಅದು ಅಂಥ ಹೆಸರೇ ಇಲ್ಲ ಅನ್ನುತ್ತಿದೆ.

ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರಿಗೆ ಹೇಳಿ ಸರಿಪಡಿಸಿ. ಟರ್ಮಿನಲ್‌ನಲ್ಲಿ ಹೊಡೆಯಬೇಕಾದದ್ದು: ಎನ್ಎಂಸಿಎಲ್ಐ ಕನೆಕ್ಷನ್ ಮಾಡಿಫೈ, ಮುಂದೆ ವಿಪಿಎನ್ ಹೆಸರು, ಐಪಿವಿ4.ಡಿಎನ್ಎಸ್-ಸರ್ಚ್, ಕೊನೆಗೆ ಆಫೀಸಿನ ಡೊಮೈನ್. ಹೀಗೆ ಮಾಡಿದರೆ ಆಫೀಸಿನ ಹೆಸರುಗಳ ವಿಚಾರಣೆ ಮಾತ್ರ ವಿಪಿಎನ್ ಕಡೆ ಹೋಗುತ್ತದೆ, ಉಳಿದ ಹೆಸರುಗಳದ್ದು ಸಾಮಾನ್ಯವಾಗಿ ಮನೆಯ ಲೈನಿನಲ್ಲೇ. ನನ್ನ ಪ್ರಕಾರ ಮನೆಯಲ್ಲಿರುವವರಿಗೆ ಇದೇ ವಾಸಿ. ಎಲ್ಲ ಹೆಸರುಗಳ ವಿಚಾರಣೆಯೂ ವಿಪಿಎನ್ ಮೂಲಕವೇ ಹೋಗಬೇಕೆಂಬುದು ಕಂಪನಿಯ ಕಟ್ಟಪ್ಪಣೆಯಾದರೆ ಡೊಮೈನ್ ಜಾಗದಲ್ಲಿ ಟಿಲ್ಡೆ ಮತ್ತು ಚುಕ್ಕಿ (~.) ಹಾಕಿ, ಐಪಿವಿ4.ಡಿಎನ್ಎಸ್-ಪ್ರಯಾರಿಟಿಯನ್ನು ಮೈನಸ್ 50 ಮಾಡಿ. ಇಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಮರ್ಯಾದೆ ಹೆಚ್ಚು: ವಿಪಿಎನ್‌ಗೆ ಮೊದಲೇ 50, ವೈಫೈಗೆ 100 ಇರುತ್ತದೆ. ಮೈನಸ್‌ಗೆ ಇಳಿಸಿದರೆ ವೈಫೈಯ ಡಿಎನ್ಎಸ್ ಪಕ್ಕಕ್ಕೆ ಸರಿಯುತ್ತದೆ, ಜೊತೆಗೆ ಮನೆಯ ಪ್ರಿಂಟರಿನ ಹೆಸರೂ ಸಿಗದೇ ಹೋಗಬಹುದು. ಐಪಿವಿ6 ಇದ್ದರೆ ಅದಕ್ಕೂ ಇಷ್ಟೇ ಮಾಡಿ.

ವಿಪಿಎನ್ ಆರಿಸಿ ಮತ್ತೆ ಹಾಕಿ. ರಿಸಾಲ್ವ್‌ಸಿಟಿಎಲ್ ಕ್ವೆರಿ ಎಂದು ಹೊಡೆದು ಆಫೀಸಿನ ತಾಣದ ಹೆಸರು ಕೊಡಿ. ವಿಳಾಸದ ಪಕ್ಕ ಲಿಂಕ್ ಟನ್0 ಎಂದಿದ್ದರೆ ಕೆಲಸ ಆಯಿತು.

ಆದರೂ ಫೈರ್‌ಫಾಕ್ಸ್‌ನಲ್ಲಿ ಮಾತ್ರ ತೆರೆಯುತ್ತಿಲ್ಲವೇ? ಅದರ ಸೆಟ್ಟಿಂಗ್ಸ್‌ನಲ್ಲಿ ಡಿಎನ್ಎಸ್ ಓವರ್ ಎಚ್‌ಟಿಟಿಪಿಎಸ್ ಆಫ್ ಮಾಡಿ ನೋಡಿ. ಅದು ಆನ್ ಇದ್ದರೆ ಬ್ರೌಸರ್ ನಿಮ್ಮ ಯಂತ್ರವನ್ನು ಕೇಳದೆ ಹೊರಗಿನ ಸರ್ವರಿಗೇ ಹೋಗುತ್ತದೆ.